ಹಗರಣದ ಸುದ್ದಿ ತಿಂಗಳುಗಟ್ಟಲೆ ಓಡಿದರೆ ಯಾರ ಮನಸ್ಸು ಬದಲಾಗುತ್ತದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ರಾಜಕೀಯ ಹಗರಣದ ಸುದ್ದಿ ದಿನವೂ ಬರುತ್ತಿದ್ದರೆ ಪಕ್ಷದ ಬೆಂಬಲಿಗರ ಅಭಿಪ್ರಾಯ ಏನಾಗುತ್ತದೆ ಎಂಬುದು ಎಲ್ಲರ ಕುತೂಹಲ. ಚುನಾವಣಾ ಸಮೀಕ್ಷೆ ಮತ್ತು ಸುದ್ದಿಮನೆಯ ಕೆಲಸ ಎರಡನ್ನೂ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಒಂದು ಪಕ್ಷದ ಕಟ್ಟಾ ಬೆಂಬಲಿಗರು. ಅವರ ನಾಯಕರ ಮೇಲಿನ ಆರೋಪ ಒಂದು ತಿಂಗಳು ಎಡೆಬಿಡದೆ ಟಿವಿಯಲ್ಲಿ ಬಂತು. ಅಭಿಮಾನ ಇಳಿಯುವ ಬದಲು ಏರಿದಂತಿದೆ. ಚೆನ್ನಾಗಿ ಓದಿಕೊಂಡವರು. ಹೀಗೇಕೆ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ನೆರೆಯವರು ಸುದ್ದಿಯನ್ನು ನೋಡುತ್ತಿಲ್ಲ ಎಂದುಕೊಳ್ಳಬೇಡಿ. ಬಹುಶಃ ನಿಮಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿದ್ದಾರೆ, ಆದರೆ ವಕೀಲರು ಎದುರು ಕಕ್ಷಿಯ ದಾಖಲೆ ಓದುವಂತೆ. ನಮಗೆ ಬೇಕಾದ ಮಾತು ಕಿವಿಗೆ ಬಿದ್ದರೆ ಹಾಗೇ ಒಳಗೆ ಇಳಿಯುತ್ತದೆ. ಬೇಡದ ಮಾತು ಬಂದರೆ ಯಾರು ಹೇಳಿದರು, ಯಾಕೆ ಈಗಲೇ ಹೇಳಿದರು, ಸಾಕ್ಷಿ ಎಲ್ಲಿ ಎಂದು ಹುಡುಕತೊಡಗುತ್ತೇವೆ. ಓದಿದವರಿಗೆ ಇಂಥ ತಕರಾರುಗಳು ಬೇಗ ಹೊಳೆಯುತ್ತವೆ. ಹಾಗಾಗಿ ವಿದ್ಯೆಯೊಂದೇ ಇದಕ್ಕೆ ಮದ್ದಲ್ಲ.

ಅಮೆರಿಕದ ರಾಜಕೀಯ ವಿಜ್ಞಾನಿ ಡೇವಿಡ್ ರೆಡ್‌ಲಾಸ್ಕ್ ಮತ್ತು ಇಬ್ಬರು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುತ್ತದೆ. ಕಾಲ್ಪನಿಕ ಚುನಾವಣೆಯೊಂದರಲ್ಲಿ ಜನ ಮೊದಲು ತಮಗೆ ಹಿಡಿಸಿದ ಅಭ್ಯರ್ಥಿಯನ್ನು ಆರಿಸಿಕೊಂಡರು. ಆಮೇಲೆ ಆ ಅಭ್ಯರ್ಥಿಯ ಬಗ್ಗೆ ಹಿತವಲ್ಲದ ಮಾಹಿತಿಯನ್ನು ಒಂದೊಂದು ಗುಂಪಿಗೆ ಒಂದೊಂದು ಪ್ರಮಾಣದಲ್ಲಿ ಕೊಡಲಾಯಿತು. ಕಹಿ ಸ್ವಲ್ಪವೇ ಇದ್ದಾಗ ಬೆಂಬಲ ಇನ್ನಷ್ಟು ಗಟ್ಟಿಯಾಯಿತು, ನಿಮ್ಮ ನೆರೆಯವರಲ್ಲಿ ನೀವು ಕಂಡ ಹಾಗೆಯೇ. ಪ್ರಮಾಣ ಒಂದು ಹಂತ ದಾಟಿದ ಮೇಲೆ ಮಾತ್ರ ಮನಸ್ಸು ಕಳವಳಗೊಂಡು, ನಿಜವಾಗಿ ಮರುಯೋಚನೆ ಶುರುವಾಯಿತು. ಈ ಅಧ್ಯಯನದಲ್ಲಿ ಪ್ರತಿ ಮಾಹಿತಿಯೂ ಹೊಸದು ಎಂಬುದನ್ನು ಗಮನಿಸಿ. ನಮ್ಮ ಟಿವಿಯಲ್ಲಿ ಒಂದೇ ವಿಡಿಯೊ ತುಣುಕು ದಿನಕ್ಕೆ ನಲವತ್ತು ಸಲ ಬಂದರೆ ಅದು ನಲವತ್ತು ಸಾಕ್ಷಿಗಳಾಗುವುದಿಲ್ಲ. ಒಂದೇ ಸಾಕ್ಷಿ, ಜೊತೆಗೆ ‘ನಮ್ಮವರ ಬೆನ್ನು ಬಿದ್ದಿದ್ದಾರೆ’ ಎನ್ನುವುದಕ್ಕೆ ನಲವತ್ತು ಪುರಾವೆ.

ಇದಕ್ಕಿಂತ ಹೆಚ್ಚು ಚಿಂತೆಗೆ ಹಚ್ಚುವುದು ಅಳತೆಗೋಲೇ ಬದಲಾಗುವುದು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ಜನಪ್ರತಿನಿಧಿ ಸಾರ್ವಜನಿಕ ಹೊಣೆಯನ್ನು ನೀತಿಯಿಂದ ನಿಭಾಯಿಸಬಲ್ಲನೇ ಎಂದು ಅಮೆರಿಕದ ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ ಕೇಳಿತ್ತು. ರಿಪಬ್ಲಿಕನ್ ಪಕ್ಷದ ಗಟ್ಟಿ ಬೆಂಬಲಿಗರಾದ ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್‌ನಿಷ್ಠ) ಕ್ರೈಸ್ತರಲ್ಲಿ ‘ಹೌದು’ ಎಂದವರು 2011ರಲ್ಲಿ ಶೇ 30. ಟ್ರಂಪ್ ಆ ಪಕ್ಷದ ಅಭ್ಯರ್ಥಿಯಾಗಿದ್ದ 2016ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗೆ ಶೇ 72. ಸುದ್ದಿ ಸುಳ್ಳು ಎನ್ನುವ ಬದಲು, ಅದು ಅಷ್ಟೇನೂ ಮುಖ್ಯವಲ್ಲ ಎಂಬ ಕಡೆಗೆ ಜನ ಸರಿದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಸತ್ಯ ಹೇಳಿದಷ್ಟೂ ಜನ ಸುಳ್ಳಿಗೇ ಅಂಟಿಕೊಳ್ಳುತ್ತಾರೆ’ ಎಂಬ ಮಾತು ಈಗ ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ಅತಿಯಾಯಿತು. ಅಮೆರಿಕದ ಸಂಶೋಧಕರಾದ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 52 ವಿಷಯಗಳ ಮೇಲೆ 10,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಅಂಥ ತಿರುಗುಬಾಣ ಹೆಚ್ಚುಕಡಿಮೆ ಎಲ್ಲೂ ಕಾಣಲಿಲ್ಲ. ತಿದ್ದಿದರೆ ಜನ ಸಂಗತಿಯನ್ನು ಒಪ್ಪುತ್ತಾರೆ. ಒಪ್ಪಿದ ಮೇಲೂ ಮತ ಬದಲಿಸುವುದಿಲ್ಲ, ಅಷ್ಟೆ. ಸಂಗತಿ ಬೇರೆ, ನಿಷ್ಠೆ ಬೇರೆ. ನೆರೆಯವರ ಜೊತೆ ಮಾತಾಡುವಾಗ ಇವೆರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಪ್ರಶ್ನೆ: ಹಾಗಾದರೆ ವಾಟರ್‌ಗೇಟ್ ಸುದ್ದಿ ನಿಕ್ಸನ್ ಅವರನ್ನು ಹೇಗೆ ಇಳಿಸಿತು? ಕ್ಲಿಂಟನ್ ವಿರುದ್ಧವೂ ವರ್ಷಪೂರ್ತಿ ಸುದ್ದಿ ಬಂದಿತ್ತಲ್ಲ, ಅವರಿಗೆ ಏನೂ ಆಗಲಿಲ್ಲವೇಕೆ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಿಮಗೆ ಹೊಳೆದದ್ದೇ ಸಂತೋಷ.

ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ, ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಅವರ ಚುನಾವಣಾ ತಂಡದ ನಂಟಿದ್ದವರು ನುಗ್ಗಿ ಸಿಕ್ಕಿಬಿದ್ದದ್ದು 1972ರ ಜೂನ್ 17ರಂದು. ಪತ್ರಿಕೆಗಳು ಅದರ ಬೆನ್ನು ಹತ್ತಿದ್ದಾಗಲೇ ನವೆಂಬರ್‌ನಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯಗಳನ್ನು ಗೆದ್ದರು. 1973ರ ಜನವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಅವರಿಗೆ ಶೇ 68ರಷ್ಟು ಮೆಚ್ಚುಗೆ ಇತ್ತು. ಅಂದರೆ ಮೊದಲ ಆರೇಳು ತಿಂಗಳ ವರದಿಗಾರಿಕೆ ಬೆಂಬಲವನ್ನು ಅಲುಗಿಸಲೇ ಇಲ್ಲ.

ಅಲುಗಿದ್ದು ಸೆನೆಟ್ ವಿಚಾರಣೆಯಿಂದ. ಅದಕ್ಕಾಗಿ ಸೆನೆಟ್ ಸಮಿತಿ ರಚನೆಯಾದದ್ದು 77–0 ಮತಗಳಿಂದ, ನಿಕ್ಸನ್ ಅವರದೇ ಪಕ್ಷದವರೂ ಕೈ ಎತ್ತಿದ್ದರು. ಆ ಸಮಿತಿಯ ಉಪಾಧ್ಯಕ್ಷ ಸ್ಥಾನದಲ್ಲಿ ಕೂತು ‘ಅಧ್ಯಕ್ಷರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು’ ಎಂದು ಕೇಳಿದವರು ರಿಪಬ್ಲಿಕನ್ ಸೆನೆಟರ್ ಹೊವರ್ಡ್ ಬೇಕರ್. 1973ರ ಮೇ 17ರಿಂದ ವಿಚಾರಣೆ ನೇರ ಪ್ರಸಾರವಾಯಿತು. ದೇಶದಲ್ಲಿ ಮೂರೇ ದೊಡ್ಡ ಜಾಲಗಳಿದ್ದವು, ಸರದಿಯ ಮೇಲೆ ತೋರಿಸಿದವು; ಸಾರ್ವಜನಿಕ ವಾಹಿನಿ ರಾತ್ರಿ ಮರುಪ್ರಸಾರ ಮಾಡಿತು. ನೇರ ಪ್ರಸಾರ ನೋಡಿದ್ದೇವೆ ಎಂದು ಗ್ಯಾಲಪ್‌ಗೆ ಹೇಳಿದವರು ಶೇ 71. ಜುಲೈ 16ರಂದು ಶ್ವೇತಭವನದಲ್ಲಿ ಧ್ವನಿಮುದ್ರಣ ವ್ಯವಸ್ಥೆ ಇದೆ ಎಂದು ನಿಕ್ಸನ್ ಅವರ ಮಾಜಿ ಸಹಾಯಕ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಬಾಯಿಬಿಟ್ಟರು. ಆಗಸ್ಟ್ ಹೊತ್ತಿಗೆ ಮೆಚ್ಚುಗೆ ಶೇ 31ಕ್ಕೆ ಕುಸಿದಿತ್ತು.

ಆಗಲೂ ‘ಅಧಿಕಾರದಿಂದ ಇಳಿಸಿ’ ಎನ್ನುವವರು ಬಹುಮತವಾಗಿರಲಿಲ್ಲ. ಅದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. 1974ರ ಜುಲೈ 24ರಂದು ಟೇಪ್ ಒಪ್ಪಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಮೂರು ದಿನಗಳ ಬಳಿಕ ಸಂಸತ್ತಿನ ಕೆಳಮನೆಯ ನ್ಯಾಯಾಂಗ ಸಮಿತಿ ಮೊದಲ ದೋಷಾರೋಪವನ್ನು 27–11ರಿಂದ ಒಪ್ಪಿದಾಗ ಪರವಾಗಿ ನಿಂತವರಲ್ಲಿ ಆರು ಮಂದಿ ರಿಪಬ್ಲಿಕನ್ನರು. ಆಗಸ್ಟ್ 5ರಂದು ನಿಕ್ಸನ್ ಅವರದೇ ದನಿಯಿದ್ದ ಟೇಪಿನ ವಿವರ ಹೊರಬಿತ್ತು, 9ರಂದು ಅವರು ನಿರ್ಗಮಿಸಿದರು. ಆ ಕೊನೆಯ ದಿನಗಳಲ್ಲಿ ಇಡೀ ದೇಶದ ಮೆಚ್ಚುಗೆ ಶೇ 24ರ ಆಸುಪಾಸಿನಲ್ಲಿತ್ತು. ಹಾಗಿದ್ದೂ ರಿಪಬ್ಲಿಕನ್ ಬೆಂಬಲಿಗರಲ್ಲಿ ಸುಮಾರು ಅರ್ಧದಷ್ಟು ಜನ ಅವರ ಕಡೆಗೇ ಇದ್ದರು. ವಾಟರ್‌ಗೇಟ್ ಎಂದಾಗ ಎಲ್ಲರೂ ಮರೆಯುವ ಅಂಕಿ ಇದು. ಇಷ್ಟೆಲ್ಲ ಸಾಕ್ಷ್ಯದ ಎದುರಲ್ಲೂ ಪಕ್ಷನಿಷ್ಠೆಯ ಅರ್ಧ ಭಾಗ ಕರಗಲಿಲ್ಲ.

ಶ್ವೇತಭವನದ ಯುವ ಸಿಬ್ಬಂದಿಯೊಬ್ಬರ ಜೊತೆಗಿನ ಸಂಬಂಧ ಮತ್ತು ಅದರ ಬಗ್ಗೆ ಸುಳ್ಳು ಹೇಳಿದ ಆರೋಪದ ಕ್ಲಿಂಟನ್ ಪ್ರಕರಣ 1998ರ ಜನವರಿ 21ರಂದು ಪತ್ರಿಕೆಗೆ ಬಂತು. ಎಂಎಸ್‌ಎನ್‌ಬಿಸಿ ಮತ್ತು ಫಾಕ್ಸ್ ನ್ಯೂಸ್ ಎರಡೂ 1996ರಲ್ಲಷ್ಟೇ ಶುರುವಾಗಿದ್ದವು, ದಿನದ 24 ಗಂಟೆಯೂ ಇದೇ ಸುದ್ದಿ. ಸುದ್ದಿಯ ಪ್ರಮಾಣವೊಂದೇ ಲೆಕ್ಕವಾದರೆ ಅವರು ಅರ್ಧ ವರ್ಷವೂ ಉಳಿಯಬಾರದಿತ್ತು. ಆದರೆ ಡಿಸೆಂಬರ್‌ನಲ್ಲಿ ಕೆಳಮನೆ ವಾಗ್ದಂಡನೆ ವಿಧಿಸಿದ ದಿನಗಳಲ್ಲೇ ಗ್ಯಾಲಪ್ ಮೆಚ್ಚುಗೆ ಶೇ 73 ಮುಟ್ಟಿತು. ‘ಪ್ರಾಮಾಣಿಕ ವ್ಯಕ್ತಿಯೇ’ ಎಂಬ ಪ್ರಶ್ನೆಗೆ ಮಾತ್ರ ಅಂಕ ಬಿದ್ದಿತ್ತು. ಜನ ವ್ಯಕ್ತಿಗೆ ಒಂದು ಅಂಕ, ಕೆಲಸಕ್ಕೆ ಇನ್ನೊಂದು ಅಂಕ ಕೊಟ್ಟರು. ಆರ್ಥಿಕತೆ ಚೆನ್ನಾಗಿತ್ತು. ಸೆನೆಟ್‌ನಲ್ಲಿ ಅವರ ಪಕ್ಷದ ಒಬ್ಬ ಸದಸ್ಯರೂ ‘ತಪ್ಪಿತಸ್ಥ’ ಎಂದು ಮತ ಹಾಕಲಿಲ್ಲ. ನಿಕ್ಸನ್ ಕಾಲದಲ್ಲಿ ಇದೆಲ್ಲ ತಿರುಗುಮುರುಗಾಗಿತ್ತು: 1973ರ ಅಕ್ಟೋಬರ್‌ನಿಂದ ತೈಲ ಬಿಕ್ಕಟ್ಟು, 1974ರಲ್ಲಿ ಎರಡಂಕಿಯ ಹಣದುಬ್ಬರ. ಆದ್ದರಿಂದ ಆ ಕುಸಿತದ ಪೂರ್ತಿ ಶ್ರೇಯಸ್ಸನ್ನು ಹಗರಣದ ಸುದ್ದಿಗೆ ಬರೆಯುವುದು ಸರಿಯಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ದಯವಿಟ್ಟು ಇದನ್ನು ಬಿಡಬೇಡಿ.

ಸ್ವಂತ ಪಕ್ಷದವರ ಬಾಯಿಂದ ಬಂದ ಮಾತು, ಒಂದರ ಮೇಲೊಂದು ಹೊಸ ದಾಖಲೆ, ಎಲ್ಲರೂ ಒಂದೇ ಪರದೆಯಲ್ಲಿ ನೋಡಿದ ವಿಚಾರಣೆ: ಈ ಮೂರೂ 1973–74ರಲ್ಲಿ ಒಟ್ಟಿಗೆ ಸೇರಿದವು. ನಮ್ಮ ಅಭಿಪ್ರಾಯದಲ್ಲಿ ಇವುಗಳಲ್ಲಿ ಮೊದಲನೆಯದೇ ಹೆಚ್ಚು ತೂಕದ್ದು.

ಪ್ರಶ್ನೆ: ಕರ್ನಾಟಕದಲ್ಲಿ 2013 ಮತ್ತು 2023ರ ಫಲಿತಾಂಶ ಹಗರಣದ ಸುದ್ದಿಯಿಂದಲೇ ಬಂದದ್ದಲ್ಲವೇ? (ಹಾಸನದ ಓದುಗರು)

ಉತ್ತರ: ಸೀಟುಗಳನ್ನು ಬದಿಗಿಟ್ಟು ಮತಪ್ರಮಾಣ ನೋಡೋಣ.

ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾದದ್ದು 2011ರ ಜುಲೈ ಕೊನೆಯ ವಾರದಲ್ಲಿ. ಅದೇ ತಿಂಗಳ 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2008ರಲ್ಲಿ ಬಿಜೆಪಿಗೆ ಶೇ 33.9 ಮತ, 110 ಸ್ಥಾನ ಬಂದಿದ್ದವು. 2013ರಲ್ಲಿ ಶೇ 19.9 ಮತ, 40 ಸ್ಥಾನ. ಮೇಲ್ನೋಟಕ್ಕೆ ಒಟ್ಟು ಮತದ 14 ಅಂಶದಷ್ಟು ಬೆಂಬಲಿಗರು ಪಕ್ಷ ಬಿಟ್ಟರು ಎನಿಸುತ್ತದೆ. ಅವರು ಹೋದದ್ದಾದರೂ ಎಲ್ಲಿಗೆ? ಯಡಿಯೂರಪ್ಪ ಕಟ್ಟಿದ ಕೆಜೆಪಿಗೆ ಶೇ 9.8, ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್‌ಗೆ ಶೇ 2.7. ಮೂರನ್ನೂ ಕೂಡಿದರೆ ಶೇ 32.4, ಹಿಂದಿನ ಸಲಕ್ಕಿಂತ ಒಂದೂವರೆ ಅಂಶ ಕಡಿಮೆ. ಗೆದ್ದ ಕಾಂಗ್ರೆಸ್ ಮತ ಶೇ 34.8ರಿಂದ 36.6ಕ್ಕೆ ಏರಿತ್ತು, ಸ್ಥಾನಗಳು ಮಾತ್ರ 80ರಿಂದ 122ಕ್ಕೆ ಜಿಗಿದವು.

ಅಂದರೆ ಹಗರಣ ಮುರಿದದ್ದು ಪಕ್ಷವನ್ನು. ನಾಯಕರು ಬೇರೆಯಾದರು, ಮತ ಅವರ ಹಿಂದೆ ಹಂಚಿಹೋಯಿತು, ಸೀಟು ಕೈತಪ್ಪಿದವು. 2014ರಲ್ಲಿ ಯಡಿಯೂರಪ್ಪ ಬಿಜೆಪಿಗೆ ಮರಳಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದರು. 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ದೇಣಿಗೆ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. 2018ರಲ್ಲಿ ಬಿಜೆಪಿ ಮತ ಶೇ 36 ದಾಟಿತು.

ಇನ್ನು 2023. ಬಿಜೆಪಿ ಸರ್ಕಾರದ ವಿರುದ್ಧ ಗುತ್ತಿಗೆದಾರರ ಸಂಘದ ‘40 ಪರ್ಸೆಂಟ್’ ಕಮಿಷನ್ ದೂರು, 2022ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯನ್ನು ಅಣಕಿಸಿದ ‘ಪೇಸಿಎಂ’ ಪೋಸ್ಟರ್, ಅದರ ಮೇಲೆ ತಿಂಗಳುಗಟ್ಟಲೆ ಚರ್ಚೆ. ಬಿಜೆಪಿ ಸ್ಥಾನ 104ರಿಂದ 66ಕ್ಕೆ ಬಿದ್ದಿತು. ಮತ? 2018ರಲ್ಲಿ ಶೇ 36.3, 2023ರಲ್ಲಿ ಶೇ 36. ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿತು, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು.

ಈ ಲೆಕ್ಕದಲ್ಲಿ ಒಂದು ಗುಂಡಿಯಿದೆ, ತಿಳಿದವರೂ ಬೀಳುವ ಗುಂಡಿ. ‘ಜೆಡಿಎಸ್‌ನ ಐದು ಅಂಶ ಕಾಂಗ್ರೆಸ್‌ಗೆ ಹೋಯಿತು, ಬಿಜೆಪಿಯವರು ಅಲುಗಲಿಲ್ಲ’ ಎಂದು ಒಟ್ಟು ಮೊತ್ತದಿಂದ ತೀರ್ಮಾನಿಸಲಾಗದು. ಒಂದು ಭಾಗದಲ್ಲಿ ಬಿಜೆಪಿ ಕಳೆದುಕೊಂಡದ್ದನ್ನು ಇನ್ನೊಂದು ಭಾಗದಲ್ಲಿ ಗಳಿಸಿರಬಹುದು. ಹಳೆಯ ಬೆಂಬಲಿಗರು ಮನೆಯಲ್ಲೇ ಕೂತು, ಹೊಸಬರು ಬಂದಿರಬಹುದು. ಒಬ್ಬೊಬ್ಬ ಮತದಾರ ಏನು ಮಾಡಿದ ಎಂದು ತಿಳಿಯಲು ಮತಗಟ್ಟೆ ಮಟ್ಟದ ಅಂಕಿಯೂ ಸಾಲದು, ಅದೇ ಜನರನ್ನು ಎರಡು ಸಲ ಕೇಳಿದ ಸಮೀಕ್ಷೆ ಬೇಕು. ಅಕ್ಕಿ ಬೆಲೆ, ಗ್ಯಾಸ್ ಸಿಲಿಂಡರ್, ಗ್ಯಾರಂಟಿ, ಟಿಕೆಟ್ ಹಂಚಿಕೆ, ಒಳಮೀಸಲಾತಿ, ಜಾತಿ ಲೆಕ್ಕ ಎಲ್ಲವೂ ಆ ಚುನಾವಣೆಯಲ್ಲಿದ್ದವು. ‘ಹಗರಣದಿಂದಲೇ’ ಎನ್ನುವ ಆ ‘ಲೇ’ಯನ್ನು ಬಿಡೋಣ.

ಪ್ರಶ್ನೆ: ‘ಹಗರಣದ ನಂತರವೂ ಶೇ 85 ಬೆಂಬಲಿಗರು ನಾಯಕನ ಜೊತೆಗೇ’ ಎಂಬ ಸಮೀಕ್ಷೆ ಓದಿದೆ. ನಂಬಬಹುದೇ? (ಮೈಸೂರಿನ ನಿವೃತ್ತ ಗಣಿತ ಶಿಕ್ಷಕರು)

ಉತ್ತರ: ನೀವು ಗಣಿತದವರು, ಒಂದು ಲೆಕ್ಕವನ್ನೇ ಕೊಡುತ್ತೇವೆ. 1,200 ಜನರ ಸಮೀಕ್ಷೆ ಎನ್ನಿ. ಹಗರಣಕ್ಕೆ ಮುಂಚೆ ‘ನಾನು ಈ ಪಕ್ಷದ ಬೆಂಬಲಿಗ’ ಎಂದವರು 400, ಅವರಲ್ಲಿ ನಾಯಕನನ್ನು ಮೆಚ್ಚಿದವರು 340, ಶೇ 85. ಹಗರಣದ ನಂತರ ಮತ್ತೊಂದು ಸಮೀಕ್ಷೆ. ಬೇಸರಗೊಂಡ 70 ಮಂದಿ ಈಗ ‘ಯಾವ ಪಕ್ಷವೂ ಇಲ್ಲ’ ಎನ್ನುತ್ತಾರೆ. ಉಳಿದ ಬೆಂಬಲಿಗರು 330, ಮೆಚ್ಚಿದವರು 280. ಮತ್ತೆ ಶೇ 85! ತಲೆಬರಹ ‘ಬೆಂಬಲಿಗರು ಅಚಲ’. ಇಡೀ ಮಾದರಿಯಲ್ಲಿ ನೋಡಿದರೆ ಮೆಚ್ಚುವ ಬೆಂಬಲಿಗರು ಶೇ 28.3ರಿಂದ 23.3ಕ್ಕೆ ಇಳಿದಿದ್ದಾರೆ. ಮುನಿಸಿಕೊಂಡವರು ಲೆಕ್ಕದ ಛೇದದಿಂದಲೇ ಜಾಗ ಖಾಲಿ ಮಾಡಿದ್ದರು.

ಆದ್ದರಿಂದ ಶೇಕಡಾವಾರು ನೋಡುವ ಮೊದಲು ‘ಬೆಂಬಲಿಗರು’ ಎಂದು ಹೇಳಿಕೊಂಡವರ ಸಂಖ್ಯೆ ಎಷ್ಟಿತ್ತು, ಈಗೆಷ್ಟು ಎಂದು ಹುಡುಕಿ. ಅದನ್ನು ಕೊಡದ ಸಮೀಕ್ಷೆಯಿಂದ ಪಕ್ಷನಿಷ್ಠೆಯ ತೀರ್ಮಾನ ತೆಗೆಯಬೇಡಿ. ಎರಡನೆಯದು ದೋಷಮಿತಿ. 1,200 ಜನರಿಗೆ ಅದು ಹೆಚ್ಚುಕಡಿಮೆ 2.8 ಅಂಶ. 400 ಜನರ ಉಪಗುಂಪಿಗೆ 4.9. ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸಕ್ಕೆ √2ರಿಂದ ಗುಣಿಸಿ, ಸುಮಾರು 7 ಅಂಶ. ನಮ್ಮಲ್ಲಿ ಮತಗಟ್ಟೆಗಳ ಗೊಂಚಲು ಆರಿಸಿ ಸಂದರ್ಶಿಸುವುದರಿಂದ ನಿಜವಾದ ಮಿತಿ ಇದಕ್ಕಿಂತಲೂ ದೊಡ್ಡದು. ‘ಬೆಂಬಲಿಗರಲ್ಲಿ ಶೇ 4 ಕುಸಿತ’ ಎಂಬ ಬ್ರೇಕಿಂಗ್ ನ್ಯೂಸ್‌ಗೆ ಮಹತ್ವ ಕೊಡಬೇಕಿಲ್ಲ.

ಪ್ರಶ್ನೆ: ನ್ಯಾಯಾಲಯ ಖುಲಾಸೆ ಮಾಡಿದ ಮೇಲಾದರೂ ಕಳಂಕ ಹೋಗುತ್ತದೆಯೇ? (ಶಿರಸಿಯ ಓದುಗರು)

ಉತ್ತರ: ಪೂರ್ತಿ ಹೋಗುವುದಿಲ್ಲ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ ಎಂಬುದು 1977ರಲ್ಲೇ ಪ್ರಯೋಗದಿಂದ ತೋರಿದ ಸಂಗತಿ. ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೇಳಿಸಿದ್ದಷ್ಟೇ ಸಾಕಾಗಿತ್ತು. 1981ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ತಲೆಬರಹಗಳನ್ನು ಪರೀಕ್ಷಿಸಿದರು. ‘ಇವರಿಗೂ ನಂಟಿದೆಯೇ?’ ಎಂಬ ಪ್ರಶ್ನೆಯ ತಲೆಬರಹ, ‘ನಂಟಿದೆ’ ಎಂದು ನೇರವಾಗಿ ಆರೋಪಿಸುವ ತಲೆಬರಹದಷ್ಟೇ ಹೆಚ್ಚುಕಡಿಮೆ ಹೆಸರು ಕೆಡಿಸಬಲ್ಲದು ಎಂದು ತಿಳಿಯಿತು. ನಮ್ಮ ವಾಹಿನಿಗಳ ಪರದೆಯ ಕೆಳಗೆ ದಿನವಿಡೀ ಓಡುವ ಪ್ರಶ್ನಾರ್ಥಕ ಚಿಹ್ನೆಗಳನ್ನು ನೆನೆದುಕೊಳ್ಳಿ. ಅಮೆರಿಕದ ಸಂಶೋಧಕಿ ಎಮಿಲಿ ಥಾರ್ಸನ್ 2016ರಲ್ಲಿ ಇನ್ನೊಂದನ್ನು ತೋರಿಸಿದರು: ಆರೋಪ ಸುಳ್ಳೆಂದು ಒಪ್ಪಿಕೊಂಡವರಲ್ಲೂ ಆ ವ್ಯಕ್ತಿಯ ಬಗೆಗಿನ ಅಸಮಾಧಾನ ಉಳಿದೇ ಇರುತ್ತದೆ.

ಮೊಬೈಲ್ ತರಂಗಾಂತರ ಹಂಚಿಕೆಯ 2ಜಿ ಪ್ರಕರಣ ಕಣ್ಣೆದುರಿಗಿದೆ. ಸಿಎಜಿ ವರದಿಯ ₹1.76 ಲಕ್ಷ ಕೋಟಿ ನಷ್ಟ ಎಂಬ ಅಂದಾಜು 2010ರ ನವೆಂಬರ್‌ನಿಂದ ಬಾಯಿಪಾಠವಾಯಿತು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಪರವಾನಗಿ ರದ್ದು ಮಾಡಿತು. 2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. ಹಂಚಿಕೆ ತಪ್ಪು ಎಂಬ ತೀರ್ಪೂ ಇದೆ, ಅಪರಾಧ ಸಾಬೀತಾಗಲಿಲ್ಲ ಎಂಬ ತೀರ್ಪೂ ಇದೆ. ಒಂದು ಪಕ್ಷದವರು ಮೊದಲನೆಯದನ್ನು, ಇನ್ನೊಂದು ಪಕ್ಷದವರು ಎರಡನೆಯದನ್ನು ಮಾತ್ರ ಇಂದಿಗೂ ಉದ್ಧರಿಸುತ್ತಾರೆ.

ಪ್ರಶ್ನೆ: ಹಗರಣದ ಸುದ್ದಿ ನೋಡಿ ನೋಡಿ ‘ಎಲ್ಲರೂ ಕಳ್ಳರೇ’ ಎಂದು ನಮ್ಮ ಹುಡುಗರು ಮತ ಹಾಕಲೇ ಹೋಗುತ್ತಿಲ್ಲ. (ಕೊಪ್ಪಳದ ಓದುಗರು)

ಉತ್ತರ: ನಿಮ್ಮ ಆತಂಕಕ್ಕೆ ಆಧಾರವಿದೆ. ಮೆಕ್ಸಿಕೊದಲ್ಲಿ ಸ್ಥಳೀಯ ಆಡಳಿತದ ಭ್ರಷ್ಟಾಚಾರದ ಲೆಕ್ಕವನ್ನು ಕರಪತ್ರವಾಗಿ ಮನೆಮನೆಗೆ ಹಂಚಿದ ಪ್ರಯೋಗದಲ್ಲಿ ಆಡಳಿತ ಪಕ್ಷದ ಮತ ಇಳಿಯಿತು, ಎದುರಾಳಿಗಳ ಮತವೂ ಇಳಿಯಿತು, ಮತದಾನವೇ ಇಳಿಯಿತು. ಬ್ರೆಜಿಲ್‌ನಲ್ಲಿ ಬೇರೆ ಚಿತ್ರ. ಅಲ್ಲಿ 2003ರಿಂದ ಲಾಟರಿ ಎತ್ತಿ ಪುರಸಭೆಗಳ ಲೆಕ್ಕ ತಪಾಸಣೆ ನಡೆಸಿ ವರದಿ ಬಹಿರಂಗ ಮಾಡುತ್ತಿದ್ದರು. 2004ರ ಚುನಾವಣೆಯಲ್ಲಿ ಹೆಚ್ಚು ಅಕ್ರಮ ಕಂಡ ಮೇಯರ್‌ಗಳು ಪೆಟ್ಟು ತಿಂದರು, ಸ್ಥಳೀಯ ರೇಡಿಯೊ ಇದ್ದ ಊರುಗಳಲ್ಲಿ ಪೆಟ್ಟು ಇನ್ನೂ ಜೋರು. ಲೆಕ್ಕ ಶುದ್ಧವಾಗಿದ್ದ ಮೇಯರ್‌ಗಳಿಗೆ ಅದೇ ರೇಡಿಯೊ ನೆರವಾಯಿತು. ಯಾರು ಕಳ್ಳರಲ್ಲ ಎಂಬುದನ್ನೂ ಜನರಿಗೆ ತಿಳಿಸಿದಾಗ ಆಯ್ಕೆ ಉಳಿಯುತ್ತದೆ. ನಿಮ್ಮ ಹುಡುಗರಿಗೆ ಗ್ರಾಮ ಪಂಚಾಯಿತಿಯ ಲೆಕ್ಕ ತಪಾಸಣಾ ವರದಿ ಓದಿಸಿ, ಅಕ್ಕಪಕ್ಕದ ಎರಡು ಪಂಚಾಯಿತಿಗಳದ್ದನ್ನು ಹೋಲಿಸಲು ಹೇಳಿ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ವರದಿಗಾರ. ಹಗರಣವನ್ನು ಬೆನ್ನು ಹತ್ತಲೇಬೇಕು, ಆದರೆ ಪಕ್ಷದ ಗಲಾಟೆಯಾಗಿ ಮುಗಿಯಬಾರದು. ಹೇಗೆ ಬರೆಯಲಿ? (ವಿಜಯಪುರ ಜಿಲ್ಲೆಯಿಂದ)

ಉತ್ತರ: ಬೆನ್ನು ಹತ್ತುವುದನ್ನು ಬಿಡಬೇಡಿ. ನಿಕ್ಸನ್ ಪ್ರಕರಣದಲ್ಲಿ ಆರಂಭದ ಆರು ತಿಂಗಳು ಜನಾಭಿಪ್ರಾಯ ಅಲುಗದಿದ್ದರೂ, ಆ ವರದಿಗಳು ಪ್ರಶ್ನೆಯನ್ನು ಜೀವಂತ ಇಟ್ಟಿದ್ದವು.

ಪ್ರತಿ ವರದಿಯ ಮೊದಲ ವಾಕ್ಯದಲ್ಲಿ ನಿನ್ನೆ ಇಲ್ಲದ, ಇಂದು ಬಂದ ಒಂದು ಸಂಗತಿ ಇರಲಿ: ಕಡತ ಸಂಖ್ಯೆ, ಬಿಲ್ಲಿನ ಮೊತ್ತ, ಸಾಕ್ಷಿಯ ಹೇಳಿಕೆ. ಅದು ಸಿಗದ ದಿನ ಬರೆಯಬೇಡಿ. ಸಂಪಾದಕರು ಒತ್ತಾಯಿಸಿದರೂ ಅರ್ಧ ಕಾಲಂ ಮೀರಬೇಡಿ.

ಪ್ರಕರಣ ಯಾವ ಮೆಟ್ಟಿಲಲ್ಲಿದೆ ಎಂದು ಒಂದು ಚೌಕಟ್ಟಿನಲ್ಲಿ ಪ್ರತಿ ಸಲವೂ ಹಾಕಿ. ದೂರು, ಎಫ್‌ಐಆರ್, ತನಿಖೆ, ದೋಷಾರೋಪ ಪಟ್ಟಿ ಅಥವಾ ಬಿ ರಿಪೋರ್ಟ್ (ಸಾಕ್ಷ್ಯವಿಲ್ಲವೆಂದು ಪ್ರಕರಣ ಮುಗಿಸುವ ವರದಿ), ಆರೋಪ ನಿಗದಿ, ತೀರ್ಪು, ಮೇಲ್ಮನವಿ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಧಿಕಾರದಲ್ಲಿದ್ದಾಗ ಕೈಗೊಂಡ ತೀರ್ಮಾನ ಅಥವಾ ಕೊಟ್ಟ ಶಿಫಾರಸಿನ ತನಿಖೆಗೆ 17ಎ ಕಲಂ ಪ್ರಕಾರ ಪೂರ್ವಾನುಮತಿ ಬೇಕು, ನ್ಯಾಯಾಲಯದ ವಿಚಾರಣೆಗೆ 19ನೇ ಕಲಂ ಪ್ರಕಾರ ಮಂಜೂರಾತಿ ಬೇಕು. ಇವೆರಡನ್ನು ಕಲಸಿಬಿಟ್ಟು ‘ರಾಜ್ಯಪಾಲರಿಂದ ಶಿಕ್ಷೆಗೆ ಒಪ್ಪಿಗೆ’ ಎಂಬ ಧಾಟಿಯಲ್ಲಿ ಬರೆದರೆ, ಮರುದಿನ ಬೆಂಬಲಿಗರು ಆ ಒಂದು ತಪ್ಪನ್ನು ಹಿಡಿದು ಇಡೀ ಸರಣಿಯನ್ನೇ ತಳ್ಳಿಹಾಕುತ್ತಾರೆ. ಅವರಿಗೆ ಆ ಅವಕಾಶ ಕೊಡಬಾರದು.

ವಿರೋಧ ಪಕ್ಷದ ಖಂಡನೆಗೆ ಒಂದು ಸಾಲು ಸಾಕು, ಓದುಗ ಅದನ್ನು ಊಹಿಸಿಯೇ ಇರುತ್ತಾನೆ. ಆರೋಪಿಯ ಪಕ್ಷದವರೇ ಹೆಸರು ಹೇಳಿ ಪ್ರಶ್ನೆ ಎತ್ತಿದ್ದರೆ ಅದನ್ನು ಮೇಲಕ್ಕೆ ತನ್ನಿ, ಬೆಂಬಲಿಗರ ಕಿವಿ ತೆರೆಯುವುದು ಅಲ್ಲಿಯೇ. ಅಮೆರಿಕದ ಸುಮಾರು 200 ಪತ್ರಿಕೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಸಂಪಾದಕೀಯ ಒಲವು ಯಾವ ಪಕ್ಷದ ಕಡೆಗಿದೆಯೋ ಅದರ ಎದುರಾಳಿಯ ಹಗರಣಕ್ಕೆ ಹೆಚ್ಚು ಜಾಗ ಸಿಗುತ್ತದೆ ಎಂದು ಕಂಡುಕೊಂಡಿತ್ತು. ನಿಮ್ಮ ಪತ್ರಿಕೆಯಲ್ಲೂ ಅಳೆಯಬಹುದು: ಒಂದು ವರ್ಷದಲ್ಲಿ ಯಾವ ಪಕ್ಷದ ಆರೋಪಕ್ಕೆ ಎಷ್ಟು ಕಾಲಂ ಸೆಂಟಿಮೀಟರ್ ಕೊಟ್ಟಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತಲೆಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೇಡ. ಬಿ ರಿಪೋರ್ಟ್ ಅಥವಾ ಖುಲಾಸೆ ಬಂದ ದಿನ, ಮೊದಲ ಆರೋಪ ಯಾವ ಪುಟದಲ್ಲಿ ಎಷ್ಟು ಕಾಲಂ ಅಗಲಕ್ಕೆ ಬಂದಿತ್ತೋ ಅದೇ ಪುಟದಲ್ಲಿ ಅಷ್ಟೇ ಅಗಲಕ್ಕೆ ಹಾಕಿ. ಇದಕ್ಕಾಗಿ ಮೊದಲ ದಿನದ ಪುಟದ ಪ್ರತಿಯನ್ನು ಪ್ರಕರಣದ ಕಡತದಲ್ಲೇ ಸೇರಿಸಿಡುವುದು ಅನುಕೂಲ. ಏಳೆಂಟು ವರ್ಷ ಕಳೆದು ತೀರ್ಪು ಬರುವ ಹೊತ್ತಿಗೆ ಡೆಸ್ಕಿನಲ್ಲಿ ಬೇರೆಯವರು ಕೂತಿರುತ್ತಾರೆ.